ಕೇಳುಗರ ಅಂಕ: ಸಹಶ್ರವಣವನ್ನು ಕುರಿತು ಒಂದು ವಿವೇಚನೆ

ಸಂಗೀತವನ್ನು ಕೇಳಿ ಸಂತೋಷಪಡುವುದು ಒಂದು ಕೆಲಸ; ಕೇಳಿದುದಕ್ಕೆ ಬೆಲೆ ಕಟ್ಟುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಕಿವಿಯೂ ಬಿಡುವೂ ಇದ್ದರೆ ಸಾಕು. ಎರಡನೆಯದಕ್ಕೆ ಇವೆರಡರ ಜೊತೆಗೆ ಒಂದಿಷ್ಟು ನಿಷ್ಠುರತೆಯೂ ಬೇಕಾಗುತ್ತದೆ. ಹಲವರು ಕೂಡಿ ಒಂದೇ ರಾತ್ರಿ, ಒಂದೇ ಬೈಠಕಿನಲ್ಲಿ ಈ ಎರಡು ಕೆಲಸಗಳನ್ನೂ ಮಾಡತೊಡಗಿದರೆ ಏನಾಗುತ್ತದೆ ಎಂಬುದೇ ಪ್ರಕೃತ ಲೇಖನದ ವಿಷಯ. ಇದು ಊಹೆಯಿಂದ ಹೇಳುವ ಮಾತಲ್ಲ. ಡೊಂಬಿವಲಿ, ಠಾಣೆ, ಕಲ್ಯಾಣ, ನವಿಮುಂಬಯಿಗಳಲ್ಲಿ ಚದುರಿ ನೆಲೆಸಿರುವ ಕೆಲವು ಕನ್ನಡಿಗರ ಒಂದು ಶ್ರವಣಗೋಷ್ಠಿಯಲ್ಲಿ ನಾನೂ ಒಬ್ಬನಾಗಿದ್ದೇನೆ. (ಕಲ್ಯಾಣವೆಂದರೆ ಶರಣರ ಕಲ್ಯಾಣವಲ್ಲ, ಮಧ್ಯರೈಲ್ವೆಯ ಕಲ್ಯಾಣ ಎಂದು ಹೊಸಬರಿಗೆ ಪ್ರತಿಸಲವೂ ವಿವರಿಸಬೇಕಾಗಿದೆ.) ತಿಂಗಳಿಗೆರಡು ಭಾನುವಾರ, ರಾತ್ರಿ ಒಂಬತ್ತು ಗಂಟೆಗೆ, ಒಂದು ಧ್ವನಿಮುದ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ, ಹತ್ತಕ್ಕೆ ಇಷ್ಟು ಎಂದು ಪ್ರತಿಯೊಬ್ಬರೂ ಅಂಕ ಕೊಟ್ಟು, ಆಮೇಲೆ ಚರ್ಚೆಗೆ ತೊಡಗುವುದು ಇಲ್ಲಿಯ ಪದ್ಧತಿ.

ಮೊದಲು ನಾವು ಡೊಂಬಿವಲಿಯ ಒಬ್ಬರ ಮನೆಯಲ್ಲಿ ಎಂದಾದರೊಮ್ಮೆ ಸೇರುತ್ತಿದ್ದೆವು. 2020ರ ಮಾರ್ಚಿಯಲ್ಲಿ ಲೋಕಲ್ ರೈಲುಗಳು ಸಾರ್ವಜನಿಕರಿಗೆ ನಿಂತುಹೋದಾಗ ಗೋಷ್ಠಿಯೂ ನಿಲ್ಲಬೇಕಾಗಿದ್ದಿತು. ದೂರವಾಣಿಯ ಪರದೆ ಅದನ್ನು ಉಳಿಸಿಕೊಟ್ಟಿತು. ರೈಲು ಮರಳಿ ಬಂದ ಮೇಲೂ ನಾವು ಪರದೆಯನ್ನು ಬಿಡಲಿಲ್ಲ. ವಾಶಿಯವರು ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಗೆ ಬಂದು ಮರಳಿ ಮನೆ ಸೇರುವುದೆಂದರೆ ಏನೆಂಬುದು ಈ ಪತ್ರಿಕೆಯ ವಾಚಕರಿಗೆ ತಿಳಿಯದ ಸಂಗತಿಯಲ್ಲ.

ಆರಂಭದಲ್ಲಿ ಒಬ್ಬರು ತಮ್ಮ ಮನೆಯಲ್ಲಿ ನುಡಿಸಿ, ಉಳಿದವರೆಲ್ಲರೂ ಅದನ್ನು ಪರದೆಯ ಮೂಲಕ ಕೇಳುವಂತೆ ಏರ್ಪಾಟಾಗಿದ್ದಿತು. ಮೊದಲ ರಾತ್ರಿಯೇ ಒಂದು ವಿಚಿತ್ರ ನಡೆಯಿತು. ಗಾಯಕರ ಧ್ವನಿ ಕೇಳುತ್ತಿದೆ, ತಬಲೆಯೂ ಕೇಳುತ್ತಿದೆ. ತಂಬೂರಿ ಮಾತ್ರ ಎಲ್ಲಿಯೂ ಇಲ್ಲ. ವಿಚಾರಿಸಿದಾಗ ತಿಳಿದುದೇನೆಂದರೆ, ಮಾತುಕತೆಗಾಗಿ ನಿರ್ಮಿತವಾದ ಈ ಯಂತ್ರವ್ಯವಸ್ಥೆ ಒಂದೇ ಸಮನೆ ಬರುವ ಶಬ್ದವನ್ನು ಪಂಕದ ಸದ್ದೆಂದೋ ರಸ್ತೆಯ ಗದ್ದಲವೆಂದೋ ಭಾವಿಸಿ ಅಳಿಸಿಬಿಡುತ್ತದೆ. ನಮ್ಮ ಸಂಗೀತಕ್ಕೆ ಆಧಾರವಾದ ನಾದವೇ ಅದರ ಲೆಕ್ಕದಲ್ಲಿ ಕಸ! ಅಂದಿನಿಂದ ಪ್ರತಿಯೊಬ್ಬರೂ ತಮ್ಮ ತಮ್ಮಲ್ಲಿರುವ ಪ್ರತಿಯನ್ನು, ಒಂದು ಎರಡು ಮೂರು ಎಂದು ಎಣಿಸಿ, ಒಂದೇ ಕ್ಷಣದಲ್ಲಿ ನುಡಿಸತೊಡಗುವ ಕ್ರಮ ಬಂದಿತು. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಕೋಣೆಗಳಲ್ಲಿ ಒಂದೇ ಸ್ವರ ಏಕಕಾಲಕ್ಕೆ ಏಳುತ್ತದೆ. ಇದನ್ನು ಒಟ್ಟಿಗೆ ಕೇಳುವುದೆಂದು ಕರೆಯಬಹುದೇ ಎಂದು ಕೆಲವರು ಆಕ್ಷೇಪಿಸಿದರು. ಕರೆಯಬಹುದೆಂದೇ ನನ್ನ ಮತ. ಈ ಕ್ಷಣದಲ್ಲಿ ಈ ತಾನವನ್ನು ಇನ್ನೊಬ್ಬರೂ ಕೇಳುತ್ತಿದ್ದಾರೆಂಬ ಅರಿವು ಕಿವಿಯನ್ನು ಎಚ್ಚರದಲ್ಲಿಡುತ್ತದೆ. ಒಬ್ಬನೇ ಕೇಳುವಾಗ ನಡುವೆ ಎದ್ದು ಹೋಗಿ ಅಡಿಗೆಮನೆಯಲ್ಲಿ ನೀರು ಕುಡಿದು ಬರುವಷ್ಟು ಸಲಿಗೆ ಆಗ ಉಳಿಯುವುದಿಲ್ಲ.

ಒಟ್ಟಾಗಿ ಕೇಳುವುದು ಹೊಸ ಹವ್ಯಾಸವೂ ಅಲ್ಲ. ಗ್ರಾಮಫೋನ್ ತಟ್ಟೆಯನ್ನು ನಮ್ಮ ಜನ ಮೊದಲು ಕೇಳಿದ್ದೇ ಗುಂಪಿನಲ್ಲಿ. 1902ರಲ್ಲಿ ಗೈಸ್‌ಬರ್ಗ್ ಎಂಬಾತ ಕಲಕತ್ತೆಗೆ ಬಂದು ಗೌಹರ್ ಜಾನಳ ಹಾಡನ್ನು ಮುದ್ರಿಸಿಕೊಂಡನು. ಆ ಗಾಯಕಿ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ಯಂತ್ರವನ್ನು ಕೊಳ್ಳುವ ಶಕ್ತಿ ಕೆಲವರಿಗೆ ಮಾತ್ರ ಇದ್ದುದರಿಂದ ಉಳಿದವರು ಅಂಗಡಿಯ ಮುಂದೆ ನಿಂತು ಕೇಳುತ್ತಿದ್ದರು. ಗದಗಿನ ಬಾಲಕ ಭೀಮಸೇನ ಜೋಶಿಯವರು ಅಂಗಡಿಯೊಂದರಲ್ಲಿ ಅಬ್ದುಲ್ ಕರೀಮ್ ಖಾನರ ಝಿಂಝೋಟಿಯ ತಟ್ಟೆಯನ್ನು ಕೇಳಿ, 1933ರಲ್ಲಿ ಗುರುವನ್ನು ಅರಸುತ್ತ ಮನೆ ಬಿಟ್ಟು ಹೊರಟ ವೃತ್ತಾಂತ ಪ್ರಸಿದ್ಧವಾಗಿಯೇ ಇದೆ. ಆ ತಟ್ಟೆಯ ಒಂದು ಮುಖದ ಅವಧಿ ಸುಮಾರು ಮೂರು ನಿಮಿಷ. ಅಷ್ಟರಲ್ಲಿ ಒಂದು ಜೀವನದ ದಿಕ್ಕು ನಿರ್ಣಯವಾಯಿತು! ಆ ಹುಡುಗನ ಜೊತೆಗೆ ಅದೇ ಅಂಗಡಿಯ ಮುಂದೆ ನಿಂತು ಕೇಳಿ, ಕೈಯಲ್ಲಿದ್ದ ಚೀಲವನ್ನೆತ್ತಿಕೊಂಡು ಸಂತೆಗೆ ಹೋದವರೂ ಇದ್ದಿರಬೇಕಷ್ಟೆ. ಅವರೆಲ್ಲರಿಂದಲೂ ಅಂಕ ಕೇಳಿದ್ದರೆ ಆ ತಟ್ಟೆಗೆ ಎಷ್ಟು ಬರುತ್ತಿದ್ದಿತು? ಈ ಪ್ರಶ್ನೆಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು; ಮುಂದೆ ಇದರ ಪ್ರಯೋಜನ ಬೀಳುತ್ತದೆ.

ನಮ್ಮ ನೆರೆಯಲ್ಲಿಯೇ, ಮುಂಬಯಿಯಲ್ಲಿ, ಹಳೆಯ ತಟ್ಟೆಗಳ ಸಂಗ್ರಾಹಕರು 1990ರಲ್ಲಿ ಒಂದು ಸಂಸ್ಥೆಯನ್ನು ಕಟ್ಟಿದರು. ಸುರೇಶ ಚಾಂದವಣಕರರು ಅದರ ಕಾರ್ಯದರ್ಶಿಗಳಾಗಿ ಶ್ರವಣಕೂಟಗಳನ್ನೂ ಒಂದು ವಾರ್ತಾಪತ್ರವನ್ನೂ ನಡೆಸಿಕೊಂಡು ಬಂದರು. ಅಲ್ಲಿಯ ಕುತೂಹಲ ಇತಿಹಾಸಕಾರನದು: ಈ ತಟ್ಟೆ ಯಾವುದು, ಯಾವಾಗಿನದು, ಹಾಡಿದವರು ನಿಜವಾಗಿ ಯಾರು? ನಮ್ಮ ಗೋಷ್ಠಿ ಇತಿಹಾಸಕಾರನ ಪೀಠವನ್ನು ಬಿಟ್ಟು ನ್ಯಾಯಾಧೀಶನ ಪೀಠದಲ್ಲಿ ಕುಳಿತಿದೆ. ಇದು ಹೆಚ್ಚು ಅಪಾಯದ ಪೀಠ.

ಈ ಗೋಷ್ಠಿಯ ರಚನೆಯಲ್ಲಿ ಒಂದು ವಿಶೇಷವಿದೆ. ನಮ್ಮಲ್ಲಿ ಗದಗು, ಧಾರವಾಡ, ಹಾವೇರಿಗಳ ಕಡೆಯವರು ಕೆಲವರು. ಇವರು ಬಾಲ್ಯದಿಂದ ಕೇಳಿ ಬೆಳೆದದ್ದು ಖ್ಯಾಲ, ಠುಮರಿ, ನಾಟ್ಯಗೀತೆ, ಮತ್ತು 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಸಂಗೀತ. ಮೈಸೂರು, ತುಮಕೂರುಗಳ ಕಡೆಯವರಿಗೆ ಕೃತಿ, ಸಂಗತಿ, ನೆರವಲು ಇವೇ ಸಂಗೀತ. ಉಡುಪಿ, ಕುಂದಾಪುರ, ಕಾಸರಗೋಡುಗಳಿಂದ ಬಂದವರ ಕಿವಿ ಭಾಗವತರ ಜಾಗಟೆ ಮತ್ತು ಚೆಂಡೆಯ ಜೊತೆಯಲ್ಲಿ ಪಳಗಿದ್ದು. ಕರ್ನಾಟಕದಲ್ಲಿ ಈ ಮೂರು ಕಿವಿಗಳು ಒಂದೇ ಚಾವಡಿಯಲ್ಲಿ ಕೂಡುವುದು ಅಪೂರ್ವ. ಧಾರವಾಡದವನು ತನ್ನ ಊರಿನಲ್ಲಿರುವಷ್ಟು ಕಾಲ ಕಾಳಿಂಗ ನಾವಡರ ಹೆಸರನ್ನೇ ಕೇಳದೆ ಇರಬಹುದು. ಉದ್ಯೋಗ ನಮ್ಮನ್ನು ತಂದು ಒಂದೇ ರೈಲುಮಾರ್ಗದ ಮೇಲೆ ಸುರಿದುದರಿಂದ ಇಲ್ಲಿ ಅವು ಕೂಡಿವೆ. ವಲಸೆಯಿಂದ ನಾವು ಕಳೆದುಕೊಂಡುದನ್ನು ಕುರಿತು ಬಹಳ ಬರೆದಿದ್ದೇವೆ. ಹೀಗೆ ದೊರೆತುದನ್ನು ಕುರಿತು ಬರೆದುದು ಕಡಿಮೆ.

ಒಂದು ಉದಾಹರಣೆ ಕೊಡುತ್ತೇನೆ. ಅಬ್ದುಲ್ ಕರೀಮ್ ಖಾನರು ತ್ಯಾಗರಾಜರ ಖರಹರಪ್ರಿಯ ಕೃತಿಯೊಂದನ್ನು ಹಾಡಿದ ತಟ್ಟೆಯುಂಟು. ಕಿರಾಣಾ ಘರಾಣೆಯ ಆದ್ಯರಲ್ಲೊಬ್ಬರು ತೆಲುಗು ಕೃತಿಯನ್ನು ಹಾಡಿರುವುದು ಸಾಮಾನ್ಯ ಸಾಹಸವಲ್ಲ. ಅದನ್ನು ಕೇಳಿದ ರಾತ್ರಿ ಧಾರವಾಡದವರು ಎಂಟು ಒಂಬತ್ತೆಂದು ಬರೆದರು. ಮೈಸೂರಿನವರು ನಾಲ್ಕೆಂದರು: ಉಚ್ಚಾರಣೆ ಸಡಿಲವಾಗಿದೆ, ಸಂಗತಿಗಳ ಕ್ರಮವಿಲ್ಲ, ಸಾಹಿತ್ಯದ ಭಕ್ತಿ ಸ್ವರದ ಮಾಧುರ್ಯದಲ್ಲಿ ಕರಗಿಹೋಗಿದೆ. ಕುಂದಾಪುರದ ಕಡೆಯವರೊಬ್ಬರು ಆರೆಂದು ಬರೆದು ಹೇಳಿದರು: "ನಿಮ್ಮಿಬ್ಬರ ಜಗಳ ನನಗೆ ಬೇಡ ಮಾರಾಯ್ರೆ. ಸ್ವರ ಒಳ್ಳೆಯದೇ, ಆದರೆ ಈ ಸ್ವರ ಬಯಲಿನಲ್ಲಿ ಕೊನೆಯ ಸಾಲಿನವನಿಗೆ ಮುಟ್ಟುವುದಿಲ್ಲ." ಇದನ್ನು ಕೇಳಿ ಮೊದಲು ನಕ್ಕೆವು. ಆಮೇಲೆ ಯೋಚಿಸಿದಾಗ, ಧ್ವನಿ ಎಷ್ಟು ದೂರಕ್ಕಾಗಿ ರೂಪುಗೊಂಡಿದೆ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಬೇರೆ ಯಾರೂ ಎತ್ತಿರಲಿಲ್ಲವೆಂಬುದು ಗಮನಕ್ಕೆ ಬಂದಿತು. ಖಾನ್ ಸಾಹೇಬರ ಕಂಠ ಮುದ್ರಣಯಂತ್ರದ ಹತ್ತಿರದ ಕಿವಿಗೆ ಹೇಳಿ ಮಾಡಿಸಿದಂತಿದ್ದುದೇ ಆ ತಟ್ಟೆಗಳ ಕೀರ್ತಿಗೆ ಒಂದು ಕಾರಣವಾಗಿರಬಾರದೇಕೆ? ಭಾಗವತಿಕೆಯ ಕಿವಿಯೊಂದು ಇಲ್ಲದಿದ್ದರೆ ಈ ವಿಚಾರ ಹುಟ್ಟುತ್ತಿರಲಿಲ್ಲ.

ಈಗ ಗೋಷ್ಠಿಯ ಲೆಕ್ಕ ಬರೆಯುವವರು ಎಲ್ಲ ಅಂಕಗಳನ್ನು ಕೂಡಿಸಿ, ಭಾಗಿಸಿ, ಆ ತಟ್ಟೆಗೆ ಆರೂಮುಕ್ಕಾಲು ಎಂದು ನಮೂದಿಸಿದರು. ವೃತ್ತಿಯಿಂದ ಬ್ಯಾಂಕಿನವನಾದ ನಾನು ಸರಾಸರಿಯ ಶತ್ರುವಲ್ಲ; ದಿನವೂ ಅದರ ಅನ್ನವನ್ನೇ ಉಣ್ಣುತ್ತೇನೆ. ಆದರೂ ಈ ಆರೂಮುಕ್ಕಾಲು ಯಾರ ಅಭಿಪ್ರಾಯ? ಧಾರವಾಡದವರದಲ್ಲ, ಮೈಸೂರಿನವರದಲ್ಲ, ಕುಂದಾಪುರದವರದೂ ಅಲ್ಲ. ಮೂರು ಕಿವಿಗಳ ನಡುವಿನ ಅಂತರವೇ ಆ ರಾತ್ರಿಯ ಸಂಪಾದನೆ; ಸರಾಸರಿ ಮೊದಲು ಅಳಿಸಿದ್ದು ಅದನ್ನೇ. ತಂಬೂರಿಯನ್ನು ಗದ್ದಲವೆಂದು ತಿಳಿದ ಯಂತ್ರಕ್ಕೂ ನಮಗೂ ಆಗ ಬಹಳ ವ್ಯತ್ಯಾಸವಿರಲಿಲ್ಲ.

ಹಾಗಾದರೆ ಅಂಕವೇ ಬೇಡವೆ? ಕಲೆಯನ್ನು ಅಂಕಿಯಿಂದ ಅಳೆಯುವುದು ಅಪಚಾರವೆಂದು ಹೇಳುವ ಗಂಭೀರ ಸ್ನೇಹಿತರು ನನಗೂ ಇದ್ದಾರೆ. ಅವರಿಗೆ ನಮ್ಮ ಪರಂಪರೆಯೇ ಉತ್ತರ ಕೊಡಬಲ್ಲುದು. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಗಾಯಕರನ್ನು ಉತ್ತಮ, ಮಧ್ಯಮ, ಅಧಮರೆಂದು ವಿಂಗಡಿಸಿದ್ದಾನೆ. ಅವರ ದೋಷಗಳನ್ನು ಇಪ್ಪತ್ತೈದೆಂದು ಎಣಿಸಿದ್ದಾನೆ. ಗುಣಗಳು ಕೆಲವು ಕಡಿಮೆಯಾಗಿದ್ದರೂ ದೋಷವಿಲ್ಲದಿದ್ದರೆ ಅವನು ಮಧ್ಯಮ, ದೋಷವಿದ್ದರೆ ಅಧಮನೇ. ಈ ನ್ಯಾಯ ಎಷ್ಟು ಕಠಿನವೆಂದರೆ, ನಮ್ಮ ಗೋಷ್ಠಿಯಲ್ಲಿ ಅದನ್ನು ಅನ್ವಯಿಸಿದರೆ ನಾವು ಆರಾಧಿಸುವ ಎಷ್ಟೋ ಮಂದಿ ಮಹಾನುಭಾವರು ಕೆಳಗಿನ ಪಂಕ್ತಿಯಲ್ಲಿ ಕುಳಿತುಕೊಳ್ಳಬೇಕಾಗುತ್ತದೆ. ಇತ್ತೀಚೆಗಿನ ಮಾತಿಗೆ ಬಂದರೆ, ಕೇಸಕರರು ಕೇಂದ್ರ ವಾರ್ತಾಸಚಿವರಾದ 1952ರಿಂದ ಆಕಾಶವಾಣಿಯಲ್ಲಿ ಗಾಯಕರನ್ನು ಪರೀಕ್ಷಿಸಿ ಶ್ರೇಣಿ ಕೊಡುವ ಕ್ರಮ ಬಲವಾಗಿ ನೆಲೆಗೊಂಡಿತು. ಬಿ, ಬಿ ಹೈ, ಎ, ಟಾಪ್ ಎಂಬ ಅಕ್ಷರಗಳಿಗೆ ಹಾಡುಗಾರರ ಜೀವನೋಪಾಯವೇ ಅಂಟಿಕೊಂಡಿತು. ನೊಂದವರೂ ಪ್ರತಿಭಟಿಸಿದವರೂ ಅನೇಕರು. ನಮ್ಮ ಅಂಕದಿಂದ ಯಾರ ಸಂಭಾವನೆಯೂ ಹೆಚ್ಚುವುದಿಲ್ಲ, ತಗ್ಗುವುದಿಲ್ಲ. ಅದರ ಪರಿಣಾಮವಾಗತಕ್ಕದ್ದು ಅಂಕ ಕೊಟ್ಟವನ ಮೇಲೆಯೇ. ಈ ಮಾತು ನನಗೆ ಮನವರಿಕೆಯಾದದ್ದು ಒಂದು ಮುಖಭಂಗದ ಮೂಲಕ.

ಕಳೆದ ವರ್ಷದ ಒಂದು ಭಾನುವಾರ ನಮ್ಮಲ್ಲೊಬ್ಬರು ಹೆಸರು ಹೇಳದೆ ಹಳೆಯ ತಟ್ಟೆಗಳ ನಕಲನ್ನು ಎಲ್ಲರಿಗೂ ಮೊದಲೇ ಕಳಿಸಿ, ಕೇಳಿ ಅಂಕ ಬರೆಯಿರಿ ಎಂದರು. ಎತ್ತರದ ಶ್ರುತಿಯ, ತೆಳುವಾದ, ಚೂಪಾದ ಹೆಣ್ಣುಧ್ವನಿ. ತಟ್ಟೆಯ ಮೇಲೆ ಸೂಜಿಯ ಸರಸರ ಸದ್ದು ಧಾರಾಳ. ನಾನು ಆರೆಂದು ಬರೆದು, "ಕಂಠ ಚುರುಕಾಗಿದೆ, ಶಾರ್ಙ್ಗದೇವನ ಪಂಚವಿಧ ಗಾಯಕರಲ್ಲಿ ಇದು ಅನುಕಾರದ ವರ್ಗ, ಸ್ವಂತಿಕೆ ಇನ್ನೂ ಮೂಡಿಲ್ಲ" ಎಂದು ಷರಾ ಹಾಕಿದೆ. ಪಾಂಡಿತ್ಯ ತೋರಿಸುವ ಚಪಲವೂ ಅದರಲ್ಲಿ ಇದ್ದಿತೆಂದು ಒಪ್ಪಿಕೊಳ್ಳುತ್ತೇನೆ. ಎಲ್ಲರ ಅಂಕ ಬಂದ ಮೇಲೆ ಅವರು ತಟ್ಟೆಯ ಮೇಲಿನ ಹೆಸರನ್ನು ಓದಿದರು: ಗಾಂಧಾರಿ ಹಾನಗಲ್. ಒಂದು ಕ್ಷಣ ಮೌನ. ಆಮೇಲೆ ಯಾರೋ ಮೆಲ್ಲನೆ, "ಅಂದರೆ ನಮ್ಮ ಗಂಗೂಬಾಯಿಯವರು!" ಎಂದರು.

1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ ತಟ್ಟೆಗಳು ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯಿಂದ ಆ ಹೆಸರಿನಲ್ಲಿ ಬಂದವು. ನಮಗೆ ಪರಿಚಿತವಾದ ಆ ಗಂಭೀರವಾದ, ಗಂಡುಧ್ವನಿಯೆಂದು ಭ್ರಮೆ ಹುಟ್ಟಿಸುವ ಕಂಠ ಗಂಟಲಿನ ಚಿಕಿತ್ಸೆಯ ಅನಂತರದ್ದು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಬಳಿ ಪಾಠ ಹೇಳಿಸಿಕೊಂಡು, ಮತ್ತೆ ರೈಲಿನಲ್ಲಿಯೇ ಮನೆಗೆ ಮರಳುತ್ತಿದ್ದ ಆ ಮಹಾಸಾಧಕಿಯನ್ನು ರೈಲಿನಲ್ಲಿಯೇ ಅರ್ಧ ಆಯುಸ್ಸು ಕಳೆಯುವ ನಾವು ವಿಶೇಷ ಅಭಿಮಾನದಿಂದ ಕಾಣುತ್ತೇವೆ. ಅಂಥವರಿಗೆ ಆರು! ತಕ್ಷಣ ತಿದ್ದುಪಡಿಗಳ ಮಳೆ ಸುರಿಯಿತು. ಏಳಿದ್ದುದು ಒಂಬತ್ತಾಯಿತು, ಐದಿದ್ದುದು ಎಂಟಾಯಿತು. ನನ್ನ ಬೆರಳೂ ಒಂಬತ್ತರ ಕಡೆಗೆ ಹೊರಟಿದ್ದಿತು. ಆದರೆ ಲೆಡ್ಜರಿನಲ್ಲಿ ಒಂದು ಅಂಕಿಯನ್ನು ತಿದ್ದಿದರೆ ಪಕ್ಕದಲ್ಲಿ ಅಧಿಕಾರಿಯ ಸಹಿ ಬೇಕು, ಕಾರಣ ಬೇಕು ಎಂದು ಕಿರಿಯರಿಗೆ ಬೋಧಿಸುತ್ತ ಬಂದವನು ನಾನು. ಈ ತಿದ್ದುಪಡಿಗೆ ಕಾರಣವೇನು? ತಟ್ಟೆ ಬದಲಾಗಿಲ್ಲ, ಸ್ವರ ಬದಲಾಗಿಲ್ಲ, ಬದಲಾದದ್ದು ನನ್ನ ಭಯ ಮಾತ್ರ. ಗುರುತಿಸದೆ ಹೋದವನೆಂದು ಹತ್ತು ಜನರ ಮುಂದೆ ಕಾಣಿಸಿಕೊಳ್ಳುವ ಭಯ ಅದು. ಆರನ್ನು ಹಾಗೆಯೇ ಬಿಟ್ಟೆ.

ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆಯೆಂದು ಒಂದುಂಟು. ಯಾವ ಖಾತೆಗೆ ಸೇರಬೇಕೆಂದು ಒಡನೆ ನಿರ್ಣಯವಾಗದ ಹಣವನ್ನು ಅಲ್ಲಿಟ್ಟು, ದಾಖಲೆ ದೊರೆತ ಮೇಲೆ ಸರಿಯಾದ ಕಡೆಗೆ ವರ್ಗಾಯಿಸುತ್ತಾರೆ. ಗಂಗೂಬಾಯಿಯವರ ಆರನ್ನೂ ನಾನು ಅಲ್ಲಿಯೇ ಇಟ್ಟೆನೆನ್ನಬಹುದು. ಒಂದು ತಿಂಗಳ ಮೇಲೆ, ಹೆಸರಿನ ಹೊಳಪು ಸ್ವಲ್ಪ ತಣ್ಣಗಾದ ಬಳಿಕ, ಮತ್ತೆ ಕೇಳಿದೆ. ತಾನಗಳು ಮೊದಲಿನಂತೆಯೇ ಕಂಡವು, ಕಲಿತುದನ್ನು ಒಪ್ಪಿಸುವ ಹುರುಪು. ಆದರೆ ತಾನ ಮುಗಿದು ಷಡ್ಜಕ್ಕೆ ಬಂದು ನಿಲ್ಲುವ ಜಾಗದಲ್ಲಿ ಒಂದು ನೇರವಾದ, ಅಲುಗದ ನಿಲುವಿದೆ; ಅಲಂಕಾರದ ಆಸೆಯಿಲ್ಲ. ಮುಂದಿನ ಐದು ದಶಕಗಳ ಗಂಗೂಬಾಯಿಯವರು ಆ ನಿಲುವಿನಲ್ಲಿದ್ದಾರೆ. ಏಳೆಂದು ತಿದ್ದಿ, ಕಾರಣ ಬರೆದು, ಸಹಿ ಹಾಕಿದೆ. ಹೆಸರು ತಿಳಿಯದಿದ್ದರೆ ನಾನು ಆ ಷಡ್ಜವನ್ನು ಹುಡುಕುತ್ತಿದ್ದೆನೆ? ಪ್ರಾಯಶಃ ಇಲ್ಲ. ಹೆಸರು ಕಿವಿಯನ್ನು ಕುರುಡಾಗಿಸುವಂತೆಯೇ ಕೆಲವೊಮ್ಮೆ ದಾರಿಯನ್ನೂ ತೋರುತ್ತದೆ. ಕ್ರಮ ಮಾತ್ರ ತಪ್ಪಬಾರದು. ಕೇಳ್ಮೆ ಮೊದಲು, ಅಂಕ ಆಮೇಲೆ, ಹೆಸರು ಕೊನೆಗೆ.

ಇಲ್ಲಿ ಅಭಿನವಗುಪ್ತನನ್ನು ನೆನೆಯದೆ ಮುಂದುವರಿಯುವಂತಿಲ್ಲ. ನಾಟ್ಯಶಾಸ್ತ್ರದ ತನ್ನ ವ್ಯಾಖ್ಯಾನದಲ್ಲಿ ಅವನು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಹೇಳುತ್ತಾನೆ. ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' 1953ರಲ್ಲಿ ಪ್ರಕಟವಾದಂದಿನಿಂದ ಕನ್ನಡದ ಓದುಗರಿಗೆ ಈ ಮೀಮಾಂಸೆಯ ಲೋಕ ತಮ್ಮ ಭಾಷೆಯಲ್ಲಿಯೇ ತೆರೆದುಕೊಂಡಿದೆಯಾದುದರಿಂದ ಇಲ್ಲಿ ಎಲ್ಲವನ್ನೂ ವಿವರಿಸುವ ಅಗತ್ಯವಿಲ್ಲ. ನಮಗೆ ತೀರ ಹತ್ತಿರವಾದವು ಎರಡು. ಒಂದು, ಪ್ರತೀತಿಗೆ ಉಪಾಯವಾದ ಸಾಧನದ ಊನ. ತಂಬೂರಿಯನ್ನು ನುಂಗಿದ ಯಂತ್ರ ಇದಕ್ಕೆ ಪ್ರತ್ಯಕ್ಷ ನಿದರ್ಶನ. ಅಗ್ಗದ ದೂರವಾಣಿಯ ಕಿರಿಯ ಬಾಯಿಂದ ಭೀಮಸೇನರ ಮಂದ್ರವನ್ನು ಕೇಳಿ ಐದೆಂದು ಬರೆಯುವುದೂ ಇದೇ ವರ್ಗದ್ದು. ಇದಕ್ಕೆ ಚಿಕಿತ್ಸೆ ಸುಲಭ, ಸ್ವಲ್ಪ ಹಣ ಖರ್ಚಾಗುತ್ತದೆ. ಇನ್ನೊಂದು, ನಿಜಸುಖಾದಿವಿವಶತೆ, ಎಂದರೆ ಕೇಳುವವನು ತನ್ನದೇ ಸುಖದುಃಖಗಳ ವಶನಾಗಿರುವುದು. ವಲಸೆ ಬಂದವನ ಪಾಲಿಗೆ ಈ ವಿಘ್ನ ಮನೆದೇವರಿದ್ದ ಹಾಗೆ.

ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಧ್ವನಿಸುರುಳಿಯಾಗಿ ಬಂದಿತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂಬ ಕೀರ್ತಿ ಅದಕ್ಕಿದೆ. ನಾನು ಹುಟ್ಟುವ ಮೊದಲಿನದಾದರೂ ನಮ್ಮ ಮನೆಯಲ್ಲಿ ಅದು ನನಗಿಂತ ಹೆಚ್ಚು ಗೌರವದ ಸದಸ್ಯನಾಗಿದ್ದಿತು. ಸುರುಳಿ ಸಿಕ್ಕಿಕೊಂಡಾಗ ಪೆನ್ಸಿಲ್ ತೂರಿಸಿ ಸುತ್ತುವ ಕೆಲಸ ನನ್ನದು. ಅದನ್ನು ಗೋಷ್ಠಿಯಲ್ಲಿ ಕೇಳಿದ ರಾತ್ರಿ ನಮ್ಮಲ್ಲಿ ಬಹುಮಂದಿ ಹತ್ತಕ್ಕೆ ಹತ್ತು ಕೊಟ್ಟರು. ನಾನು ಕೇಳಿದ್ದು ಅನಂತಸ್ವಾಮಿಯವರ ರಾಗಸಂಯೋಜನೆಯನ್ನೋ, ಹಾವೇರಿಯ ನಡುಮನೆಯ ಮಧ್ಯಾಹ್ನವನ್ನೋ? ಸ್ವಲ್ಪ ನಿಷ್ಠುರನಾಗಿ ಮತ್ತೆ ಕೇಳಿದಾಗ ತೋರಿದುದು ಹೀಗೆ. ರಾಗಗಳು ಅಪಾರವಾಗಿ ಹಾಡಿಸಿಕೊಳ್ಳುವಂಥವು. ಒಂದೇ ಕೇಳ್ಮೆಗೆ ಬಾಯಿಗೆ ಬರುತ್ತವೆ. ಆ ಗುಣವೇ ಅವುಗಳ ಮಿತಿಯೂ ಹೌದು. ಕವಿತೆಯನ್ನು ಪುಸ್ತಕದಲ್ಲಿ ಓದಲು ಕುಳಿತರೆ ಈಗ ರಾಗ ಬಿಡುವುದೇ ಇಲ್ಲ. ಕವಿ ನಿಲ್ಲಿಸಿದ ಕಡೆ ನಾವು ನಿಲ್ಲುವುದಿಲ್ಲ, ಹಾಡು ನಿಲ್ಲಿಸಿದ ಕಡೆ ನಿಲ್ಲುತ್ತೇವೆ. ಎಂಟು ಕೊಟ್ಟೆ, ಅದರಲ್ಲಿ ಅರ್ಧ ಅಂಕವಾದರೂ ನಡುಮನೆಗೆ ಸೇರಿದ್ದೆಂದು ಷರಾದಲ್ಲಿ ಒಪ್ಪಿಕೊಂಡೆ.

ನೆರೂಳಿನಿಂದ ಸೇರುವ ಕಾಲೇಜಿನ ಹುಡುಗಿಯೊಬ್ಬಳು ನಮ್ಮ ಗೋಷ್ಠಿಯ ಅತಿ ಕಿರಿಯ ಸದಸ್ಯೆ. ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಅವಳ ಬಾಲ್ಯದ ಹಾಡುಗಳು ಮರಾಠಿ. ಅವಳು ಅದೇ ಧ್ವನಿಸುರುಳಿಗೆ ಆರು ಕೊಟ್ಟು, ವಾದ್ಯಗಳು ಹಾಡಿನ ನಡುನಡುವೆ ಬಂದು ಅದನ್ನೇ ಮರುನುಡಿಯುವುದು ತನಗೆ ಬೇಸರ ತಂದಿತೆಂದಳು. ಆಮೇಲೆ ಸ್ವಲ್ಪ ತಡೆದು, "ಮಾಮಾ, ಅದರಲ್ಲಿ ಸಹ್ಯಾದ್ರಿ ಬಂತಲ್ಲ, ಅದು ನಮ್ಮದೂ ಹೌದಲ್ಲವೆ?" ಎಂದು ಕೇಳಿದಳು. ಹೌದು. ಕಲ್ಯಾಣದಿಂದ ಕಾಣುವ ಮಲಂಗಗಡವೂ ಸಹ್ಯಾದ್ರಿಯ ಬಳಗದ್ದೇ. ಇಷ್ಟು ವರ್ಷ ಆ ಶಬ್ದವನ್ನು ಕೇಳಿದಾಗಲೆಲ್ಲ ನಾವು ಮಲೆನಾಡಿನ ಕಡೆಗೆ ಮುಖ ತಿರುಗಿಸುತ್ತಿದ್ದೆವು. ಅವಳು ಕಿಟಕಿಯ ಕಡೆಗೆ ತಿರುಗಿದಳು. ಮನೆಯ ನೆನಪಿನ ಭಾರವಿಲ್ಲದ ಕಿವಿ ವಾದ್ಯದ ದೋಷವನ್ನೂ ಕಂಡಿತು, ಶಬ್ದದ ಹೊಸ ಅರ್ಥವನ್ನೂ ಕಂಡಿತು. ಹತ್ತು ಕೊಟ್ಟ ಹಿರಿಯರು ಅವಳ ಆರನ್ನು ಕೇಳಿ ಮುಖ ಗಂಟಿಕ್ಕಿದುದು ನನಗೆ ಸರಿಬರಲಿಲ್ಲ. ಹತ್ತನ್ನು ನಿರೀಕ್ಷಿಸುವ ಸಭೆಯಲ್ಲಿ ಆ ಹುಡುಗಿ ಬಹುಕಾಲ ನಿಲ್ಲುವುದಿಲ್ಲ. ಅವಳು ಹೊರಟುಹೋದರೆ ನಾವು ಒಬ್ಬರಿಗೊಬ್ಬರು ಹತ್ತು ಕೊಟ್ಟುಕೊಳ್ಳುತ್ತ ಮುದುಕರಾಗುತ್ತೇವೆ.

ಮುಖ ಗಂಟಿಕ್ಕಿದವರಲ್ಲಿ ಮೊದಲಿಗರು ಗದಗಿನ ಕಡೆಯ ಒಬ್ಬ ಹಿರಿಯರು. ಗಿರಣಿಯಲ್ಲಿ ದುಡಿದವರು, ರಾತ್ರಿಶಾಲೆಯಲ್ಲಿ ಓದಿದವರು, ಸಂಗೀತವನ್ನು ನಮ್ಮೆಲ್ಲರಿಗಿಂತ ಹೆಚ್ಚು ಕೇಳಿದವರು. ಕನ್ನಡದ ಯಾವ ಧ್ವನಿಮುದ್ರಿಕೆಗೂ ಅವರು ಹತ್ತಕ್ಕಿಂತ ಕಡಿಮೆ ಕೊಟ್ಟವರಲ್ಲ. ಕಾರಣ ಕೇಳಿದರೆ, "ಕನ್ನಡದ ತಟ್ಟೀಗೆ ಹತ್ತಕ್ಕಿಂತ ಕಡಿಮಿ ಹ್ಯಾಂಗ ಕೊಡೋದ್ರೀ? ಪರದೇಶದಾಗ ಕುಂತೀವಿ" ಎನ್ನುತ್ತಿದ್ದರು. ಅವರ ಪ್ರೀತಿಗೆ ನಾನು ತಲೆಬಾಗುತ್ತೇನೆ. ಅವರ ಅಂಕಕ್ಕೆ ತಲೆಬಾಗಲಾರೆ. ಎಲ್ಲಕ್ಕೂ ಹತ್ತೆಂದರೆ ಮಲ್ಲಿಕಾರ್ಜುನ ಮನಸೂರರ ವಚನಗಾಯನಕ್ಕೂ ನಿನ್ನೆ ಯಾರೋ ಗಡಿಬಿಡಿಯಲ್ಲಿ ಮುದ್ರಿಸಿದ ಭಕ್ತಿಗೀತೆಗೂ ಭೇದವಿಲ್ಲವೆಂದು ಹೇಳಿದಂತಾಗುತ್ತದೆ. ನೋಟನ್ನು ಎಷ್ಟು ಬೇಕಾದರೂ ಅಚ್ಚು ಹಾಕಬಹುದು. ಆಗ ಅದಕ್ಕೆ ಕಾಗದದ ಬೆಲೆಯೂ ಉಳಿಯುವುದಿಲ್ಲ.

ಮನಸೂರರ ಹೆಸರೆತ್ತಿದುದರಿಂದ ಅವರ ವಚನಗಾಯನಕ್ಕೆ ನಾನೇಕೆ ಒಂಬತ್ತೂವರೆ ಕೊಟ್ಟೆನೆಂಬುದನ್ನು ಹೇಳಬೇಕು. ಅವರು ಹಾಡಿರುವ ಅಕ್ಕಮಹಾದೇವಿಯ ಕನಸಿನ ವಚನವನ್ನು ತೆಗೆದುಕೊಳ್ಳೋಣ. ವಚನಕ್ಕೆ ಪಲ್ಲವಿಯಿಲ್ಲ, ಮಾತ್ರೆಯ ಕಟ್ಟಿಲ್ಲ, ಅದು ಮಾತು. ಕೀರ್ತನೆಯನ್ನು ಹಾಡುವವನಿಗೆ ದಾಸರೇ ಅರ್ಧ ದಾರಿ ಕ್ರಮಿಸಿಕೊಟ್ಟಿರುತ್ತಾರೆ. ವಚನವನ್ನು ಹಾಡುವವನು ದಾರಿಯನ್ನೇ ಕಡಿದುಕೊಳ್ಳಬೇಕು. ಸಾಮಾನ್ಯ ಗಾಯಕರು ಇಲ್ಲಿ ಮಾತನ್ನು ತಾಳದ ಪೆಟ್ಟಿಗೆಯೊಳಗೆ ತುರುಕುತ್ತಾರೆ. ಮನಸೂರರು ಮಾತಿನ ಲಯಕ್ಕೆ ರಾಗವನ್ನು ಬಗ್ಗಿಸುತ್ತಾರೆ. ಕನಸನ್ನು ಹೇಳುವವಳ ಬೆರಗಿಗೆ ಬೇಕಾದಷ್ಟು ಬಿಡುವು ಕೊಟ್ಟು, ಅಂಕಿತದ ಬಳಿ ಮಾತ್ರ ರಾಗ ಪೂರ್ಣವಾಗಿ ಅರಳುತ್ತದೆ. ಆ ಅಂಕಿತದಲ್ಲಿ ಗಾಯಕರ ಹೆಸರೂ ಅಡಗಿರುವುದು ಆಕಸ್ಮಿಕವಾದರೂ, ಅವರು ಅದನ್ನು ಉಚ್ಚರಿಸುವ ವಿನಯ ಆಕಸ್ಮಿಕವಲ್ಲ. ಉಳಿದ ಅರ್ಧ ಅಂಕವನ್ನು ಏಕೆ ಹಿಡಿದೆನೆಂದು ಕುಂದಾಪುರದವರು ಕೇಳಿದರು. ಹಾರ್ಮೋನಿಯಂ ಕೆಲವೆಡೆ ಧ್ವನಿಯ ನೆರಳಾಗಿ ಬರುವ ಬದಲು ಧ್ವನಿಗಿಂತ ಮುಂದೆ ಹೋಗುತ್ತದೆಂದು ನನಗೆ ಅನ್ನಿಸಿತು. ಅವರು ಒಪ್ಪಲಿಲ್ಲ, ಚರ್ಚೆ ಹನ್ನೊಂದೂವರೆಯವರೆಗೆ ನಡೆಯಿತು. ಅರ್ಧ ಅಂಕಕ್ಕೆ ಇಷ್ಟು ಮಾತು ಬೆಳೆಯುವುದಾದರೆ ಅಂಕದಿಂದ ಬೇರೆ ಪ್ರಯೋಜನವನ್ನು ನಾನು ಬಯಸುವುದಿಲ್ಲ.

ಈಗ ನಮ್ಮ ಗೋಷ್ಠಿಯ ದಾಖಲೆಯಲ್ಲಿ ಸರಾಸರಿಯನ್ನು ಬರೆಯುವುದನ್ನು ಬಿಟ್ಟಿದ್ದೇವೆ. ಪ್ರತಿಯೊಬ್ಬರ ಅಂಕದ ಎದುರಿಗೆ ಅವರ ಊರೂ ಒಂದು ವಾಕ್ಯದ ಕಾರಣವೂ ಇರಬೇಕು. ತಿದ್ದುವವರು ಒಂದು ತಿಂಗಳು ಕಾಯಬೇಕು, ಮತ್ತೆ ಕೇಳಬೇಕು. ಗದಗಿನ ಅಂಗಡಿಯ ಮುಂದೆ ನಿಂತವರ ಅಂಕಗಳನ್ನು ಕೂಡಿಸಿ ಭಾಗಿಸಿದ್ದರೆ ಮನೆ ಬಿಟ್ಟು ಹೊರಟ ಆ ಒಬ್ಬ ಹುಡುಗ ಲೆಕ್ಕದಲ್ಲಿ ಕಾಣಿಸುತ್ತಲೇ ಇರಲಿಲ್ಲವೆಂಬುದನ್ನು ನೆನಪಿಸಿದಾಗ ಲೆಕ್ಕ ಬರೆಯುವವರು ಒಪ್ಪಿದರು. ಗದಗಿನ ಹಿರಿಯರು ಮಾತ್ರ ಈ ಕಾರಣ ಬರೆಯುವ ಕಟ್ಟಳೆಗೆ ಬಹಳ ದಿನ ಅಸಮಾಧಾನಪಟ್ಟುಕೊಂಡಿದ್ದರು.

ಹೋದ ತಿಂಗಳು ಭೀಮಸೇನ ಜೋಶಿಯವರ ದಾಸವಾಣಿಯನ್ನು ಕೇಳಿದೆವು. ಪುರಂದರದಾಸರ ಲಕ್ಷ್ಮೀಸ್ತುತಿ ಮುಗಿಯುವಾಗ ಎಂದಿನಂತೆ ಒಂದೆರಡು ಕೋಣೆಗಳಿಂದ ನಿಟ್ಟುಸಿರು ಕೇಳಿಸಿತು. ಅಂಕಗಳು ಬಂದವು, ಹಿರಿಯರದು ಕೊನೆಗೆ ಬಂದಿತು. ಎಂಟು. ನಾವೆಲ್ಲರೂ ಪರದೆಯನ್ನು ಹತ್ತಿರ ತಂದು ನೋಡಿದೆವು. ಕಾರಣದ ಜಾಗದಲ್ಲಿ ಅವರು ಬರೆದಿದ್ದರು: "ಇದನ್ನ ಭೀಮಣ್ಣ ಮುಂದ ಕುಂತು ಹಾಡೋದು ಕೇಳೀನಿ. ಆವತ್ತು ಕಡೀ ನುಡಿಗೆ ಇದಕ್ಕಿಂತ ಭಾಳ ಹೊತ್ತು ನಿಂತಿದ್ದ. ತಟ್ಟ್ಯಾಗ ಅವಸರ ಆಗೇದ."